ಪಂಚಮಿಗೆ ಅಕ್ಕನನ್ನು ಕರೆಯಲು ಹೋದದ್ದು

ನಾಗರ ಪಂಚಮಿ ಬಂತೆಂದರೆ ನಮ್ಮ ಬನಹಟ್ಟಿ ಕಡೆ ಅಣ್ಣತಮ್ಮಂದಿರು ಬುತ್ತಿ ಕಟ್ಟಿಕೊಂಡು, ಗಂಡನ ಮನೆಯಲ್ಲಿರುವ ಅಕ್ಕತಂಗಿಯರನ್ನು ಕರೆಯಲು ಹೊರಡುತ್ತಾರೆ. ಹೆಚ್ಚಿನವರು ಹೋಗುವುದು ಮುಧೋಳಕ್ಕೋ ಬೀಳಗಿಗೋ. ಮುಂಜಾನೆ ಹೋದವರು ಸಂಜೆಗೆ ತಿರುಗಿ ಬಂದಿರುತ್ತಾರೆ. ನಾನು ಹೋಗಬೇಕಾದದ್ದು ಸಿದ್ದಾಪುರಕ್ಕೆ, ರಾಜ್ಯಗಳು ಒಂದಾಗದ ಆ ಕಾಲದಲ್ಲಿ ನಮ್ಮ ಮುಂಬಯಿ ರಾಜ್ಯ ಮುಗಿದು ಮೈಸೂರು ರಾಜ್ಯ ಶುರುವಾಗುವ ಅಂಚಿನ ಊರಿಗೆ. ಅಲ್ಲಿಯ ಗಡಿ ನಾಕಾದಲ್ಲಿ ಅಕ್ಕನ ಗಂಡ, ನಮ್ಮ ಮಾಮಾ, ಕಾರಕೂನರಾಗಿದ್ದರು. ಗಾಡಿಗಳಲ್ಲಿ ಕಳ್ಳತನದಿಂದ ಅಕ್ಕಿ ಗಡಿ ದಾಟದಂತೆ ಕಾಯುವ ಕೆಲಸ. ಜೋಗದ ಜಲಪಾತ ಆ ಊರಿಗೆ ಹತ್ತಿರ. “ನಿಮ್ಮಕ್ಕನ ಪುಣ್ಯೇವ ಪುಣ್ಯೇವಲೇ, ಎದ್ದ ಕೂಡಲೆ ಜೋಗ ನೋಡತಾಳ” ಎಂದು ಓಣಿಯವರು ಅನ್ನುತ್ತಿದ್ದರು.

ಆ ವರ್ಷ ನಾನು ಹೊರಟದ್ದು ಬರೀ ಹಬ್ಬಕ್ಕೆ ಕರೆಯಲು ಅಲ್ಲ. ಅಕ್ಕನಿಗೆ ಐದು ತಿಂಗಳು ತುಂಬಿ ಆರರಲ್ಲಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅವಳನ್ನು ಕರೆತಂದರೆ ಕೂಸು ಹುಟ್ಟಿ ಐದು ತಿಂಗಳಾಗುವ ತನಕ ಅವಳು ನಮ್ಮಲ್ಲೇ ಇರುತ್ತಾಳೆ.

ಅವ್ವ ತೀರಿಕೊಂಡು ವರ್ಷ ದಾಟಿತ್ತು. ಬಾಣಂತನಕ್ಕೆ ಬೇರೆ ಮನೆಯಲ್ಲಿದ್ದ ಕಾಕು, ನಮ್ಮ ಚಿಕ್ಕಪ್ಪನ ಹೆಂಡತಿ, ಬರುತ್ತಾಳೆಂದು ಅಕ್ಕನಿಗೆ ಹೇಳಿ ಕಳಿಸಿದ್ದೆವು. ಮನೆಯಲ್ಲಿ ಉಳಿದವರು ಇಬ್ಬರೇ, ಮಗ್ಗದಲ್ಲಿ ಅಪ್ಪ, ರಾಟಿಯ ಮುಂದೆ ನೂಲು ಸುತ್ತುತ್ತ ನಾನು. ಮೊದಲು ಆ ರಾಟಿಯ ಮುಂದೆ ಕೂಡುತ್ತಿದ್ದವಳು ಅವ್ವ. ಕೈ ಸುತ್ತುತ್ತಿದ್ದಂತೆ ಬಾಯಿಯೂ ಸುತ್ತುತ್ತಿತ್ತು. ಯಾರ ಮನೆಯ ಎಮ್ಮೆ ಈಯಿತು, ಯಾವ ಸೊಸೆ ಅತ್ತೆಗೆ ಏನೆಂದಳು, ಎಲ್ಲ ಸುದ್ದಿಯೂ ಅಲ್ಲೇ. ಇವತ್ತಿಗೂ ನಾನು ಬರೆಯುವ ಮಾತಿನಲ್ಲಿ ಅರ್ಧಕ್ಕರ್ಧ ಅವಳದು. ಅವಳು ಹೋದ ಮೇಲೆ ಅಪ್ಪನೂ ನಾನೂ ಇಡೀ ದಿನಕ್ಕೆ “ಉಣ್ಣೂಣೇನು?”, “ಹೂಂ” ಅನ್ನುವುದರಲ್ಲಿ ಮುಗಿಸುತ್ತಿದ್ದೆವು. ಅಕ್ಕ ಬಂದರೆ ಮನೆಯಲ್ಲಿ ಮಾತು ಹುಟ್ಟುತ್ತದೆ ಎಂದು ನಾನು ಕಾದಿದ್ದೆ. ಅಪ್ಪನೂ ಕಾದಿದ್ದ, ಆದರೆ ಬಾಯಿ ಬಿಟ್ಟು ಅಂದವನಲ್ಲ.

ಬುತ್ತಿಗೆ ಜೋಳದ ರೊಟ್ಟಿ ನಾನೇ ಬಡಿದೆ. ಹಂಚಿನ ಮೇಲೆ ಕಟಕಟ ಅನ್ನುವ ಹಾಗೆ ಒಣಗಿಸಿ, ಶೇಂಗಾ ಚಟ್ನಿ ಇಟ್ಟು, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡೆ. ಮುಧೋಳ, ಲೋಕಾಪುರ, ಹುಬ್ಬಳ್ಳಿ, ಶಿರಸಿ. ಒಂದೊಂದು ಬಸ್ಸು ಇಳಿದು ಇನ್ನೊಂದು ಹತ್ತಿದಂತೆ ಜನರ ಮಾತಿನ ಧಾಟಿ ಬದಲಾಗುತ್ತ ಹೋಯಿತು, ಮಳೆ ಬಲಿಯುತ್ತ ಹೋಯಿತು.

ಸಿದ್ದಾಪುರದ ಪೇಟೆಯ ಅರಿವೆ ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟೇ ಅಕ್ಕನ ಸಂಸಾರ. ಬಾಗಿಲಲ್ಲಿ ನನ್ನನ್ನು ನೋಡಿ, “ಬಂದೇನೋ ತಮ್ಮಾ! ತೊಯ್ದ ಕೋಳಿ ಆಗೀಯಲ್ಲೋ!” ಎಂದು ತನ್ನ ಸೆರಗಿನಿಂದಲೇ ನನ್ನ ತಲೆ ಒರೆಸಿದಳು. ಆಮೇಲೆ ಗಂಟು ಬಿಚ್ಚಿದಳು. ಆ ಊರಿನ ಥಂಡಿ ಗಾಳಿಗೆ ನನ್ನ ಕಟಕ ರೊಟ್ಟಿಗಳು ಹಸಿ ಬಟ್ಟೆಯಂತೆ ಮೆತ್ತಗಾಗಿದ್ದವು. ಅಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇದನ್ನ ಯಾರು ಬಡದಾರ?”

“ಮನ್ಯಾಗ ಮಾಡಿದ್ದು.”

“ಮನ್ಯಾಗ ಯಾರು? ಅಂಚು ನೋಡಲೇ, ಮುಂಬಯಿ ರಾಜ್ಯದ ನಕಾಶಿ ಆಗೇತಿ!”

“ನಾನ ಬಡದೇನಿ.”

ಅಕ್ಕ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಆ ರೊಟ್ಟಿಯನ್ನು ಮಡಚಿ, ಚಟ್ನಿ ಹಚ್ಚಿ, ಒಂದು ಚೂರೂ ಬಿಡದೆ ತಿಂದಳು. ತಿಂದು ಮುಗಿಸುವ ಹೊತ್ತಿಗೆ ನಗು ಇಳಿದಿತ್ತು.

“ಬಾಣಂತನಕ್ಕ ಕಾಕು ಬರತಾಳಂತ ಹೇಳಿ ಕಳಿಸಿದ್ರೆಲ್ಲ?”

“ಬರತಾಳ. ಕರದ್ರ ಬರತಾಳ.”

“ಒಂದು ಬುತ್ತಿಗೆ ರೊಟ್ಟಿ ಬಡದು ಕೊಡಲಾರದಾಕಿ ನನಗ ನೀರು ಎರಿತಾಳೇನೋ?”

ನಡುರಾತ್ರಿ ಕೂಸು ಅತ್ತರೆ ಏಳುವವರು ಯಾರು, ಹಂಡೆ ನೀರು ಕಾಯಿಸುವವರು ಯಾರು, ಎಂದು ಅವಳು ಒಂದೊಂದಾಗಿ ಕೇಳಿದಳು. ಸಿಟ್ಟಿನಿಂದಲ್ಲ, ಲೆಕ್ಕ ಹೇಳಿಕೊಡುವವರ ಹಾಗೆ.

“ಇಲ್ಲೇ ಇರತೀನಿ ತಮ್ಮಾ. ಮಾಲಕರ ಮನಿ ಅಜ್ಜಿ ನೋಡಕೋತೀನಿ ಅಂದಾರ.”

“ಮಂದಿ ಏನಂತಾರ? ಈಕಿಗೆ ತವರಮನಿ ಇಲ್ಲೇನು ಅನ್ನೂದಿಲ್ಲ?”

“ತವರಮನಿ ಐತಿ. ಅವ್ವ ಇಲ್ಲ.”

ನಾಕಾದಿಂದ ಬಂದ ಮಾಮಾನ ಮುಖವನ್ನು ಆಸೆಯಿಂದ ನೋಡಿದೆ. ಅವರು ಛತ್ರಿ ಜಾಡಿಸುತ್ತ, “ನನ್ನ ಯಾಕ ನೋಡತೀಪಾ? ಗಾಡಿ ತಡಿಯೂದಷ್ಟ ನನ್ನ ಕೆಲಸ. ನಿಮ್ಮಕ್ಕನ್ನ ತಡಿಯಾಕೂ ಆಗೂದಿಲ್ಲ, ಹೊಂಡಸಾಕೂ ಆಗೂದಿಲ್ಲ” ಅಂದರು.

ಮರುದಿನ ಅಕ್ಕ, “ಇಷ್ಟು ದೂರ ಬಂದೀದಿ, ಜೋಗರೆ ನೋಡಿ ಹೋಗು” ಎಂದಳು.

“ನೀ ನೋಡಿಯೇನು?”

“ಬಂದು ಎರಡು ವರ್ಷಾತು. ಕರಕೊಂಡು ಹೋಗಾಕ ನಿಮ್ಮ ಮಾಮಾಗ ಸೂಟಿ ಸಿಗಬೇಕಲ್ಲ.”

ಒಬ್ಬನೇ ಹೋದೆ. ನಮ್ಮ ರಾಜ್ಯದ ದಂಡೆಯಲ್ಲಿ ಮುಂಬಯಿ ಬಂಗಲೆ. ಎದುರು ದಂಡೆ ಮೈಸೂರಿನದು. ನಡುವೆ ಏನೂ ಕಾಣಲೊಲ್ಲದು. ಅರಳೆ ಹಿಂಜಿ ತುಂಬಿಟ್ಟ ಹಾಗೆ ಮಂಜು. ಅದರೊಳಗಿಂದ ನೆಲ ನಡುಗಿಸುವ ಸಪ್ಪಳ ಮಾತ್ರ. ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಆ ಸೀಮೆಯವನೊಬ್ಬ, “ನಿನ್ನೆ ಬರಬೇಕಿತ್ತು ಮಾರಾಯ್ರೆ, ನಾಲ್ಕೂ ಧಾರೆ ಚೆಂದ ಕಾಣ್ತಿತ್ತು” ಅಂದ.

“ಮೈಸೂರು ಕಡಿಂದ ಕಾಣಾಕತ್ತಿರಬೇಕೇನ್ರಿ?”

“ಅವ್ರೂ ಅಲ್ಲಿ ನಿಂತು, ಮುಂಬಯಿಯವರಿಗೆ ಕಾಣ್ತಿರಬೇಕು ಅಂತಿದಾರೆ.”

ಅವನು ನಕ್ಕು ಹೊರಟುಹೋದ. ಲೋಕವೆಲ್ಲ ನೋಡಲು ಬರುವ ನೀರಿನ ಮುಂದೆ ಒಬ್ಬನೇ ನಿಂತು, ಅಪ್ಪನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಆ ಸಪ್ಪಳದಲ್ಲಿ ಜೋರಾಗಿ ಹೇಳಿ ನೋಡಿದೆ: “ಆಕಿ ಬರೂದಿಲ್ಲಪ್ಪಾ.” ನನ್ನ ದನಿ ನನಗೇ ಕೇಳಿಸಲಿಲ್ಲ.

ಬನಹಟ್ಟಿಗೆ ಬಂದು ಮುಟ್ಟಿದಾಗ ಪಂಚಮಿಗೆ ಒಂದೇ ದಿನ ಉಳಿದಿತ್ತು. ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಲಿಲ್ಲ. ನನ್ನ ಬೆನ್ನ ಹಿಂದೆ, ಓಣಿಯ ತಿರುವಿನ ತನಕ ನೋಡಿದ. ನಾನು ಹೇಳಿದೆ. ಅಲ್ಲಿಯ ಅಜ್ಜಿಯ ಸುದ್ದಿಯನ್ನೂ ಹೇಳಿದೆ.

“ಆ ಮುದುಕಿಗೆ ರೊಟ್ಟಿ ಮಾಡಾಕ ಬರತೈತೇನು?”

“ಅಲ್ಲಿ ಬರೀ ಅನ್ನ ಉಣ್ಣತಾರಪ್ಪಾ. ಜ್ವಾಳ ಬೆಳಿಯೂದಿಲ್ಲ.”

“ಹೂಂ” ಎಂದು ಒಳಗೆ ಹೋದ. ಹಿಂದೆ ಹೋಗಿ ನೋಡಿದರೆ, ಪಡಸಾಲೆಯ ತೊಲೆಗೆ ಹೊಸ ಹಗ್ಗದ ಜೋಕಾಲಿ. ಪಂಚಮಿಗೆ ಆಡಲೆಂದು ನಾನಿಲ್ಲದಾಗ ಮಗಳಿಗಾಗಿ ಕಟ್ಟಿದ್ದ. ಬಸುರಿ ಕೂಡುವಳೆಂದು ಹಗ್ಗವನ್ನು ಮೂರು ಸುತ್ತು ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದ್ದ. ಅಪ್ಪ ಏಣಿ ಹತ್ತಿ ಅದನ್ನು ಬಿಚ್ಚತೊಡಗಿದ. ಗಂಟು ಸಡಿಲಾಗಲಿಲ್ಲ. ನಾನು ಕುಡಗೋಲು ತಂದು ಕೊಡಹೋದೆ.

“ಕೊಯ್ಯೂದು ಬ್ಯಾಡ” ಎಂದ. ಏಣಿ ಹಿಡಿದುಕೊಂಡು ಕೆಳಗೆ ನಿಂತೆ. ಅವನು ಬಿಚ್ಚುತ್ತಲೇ ಇದ್ದ.