ಕೌದಿ ಅಂಗಡಿಯ ಬಾಗಿಲು ತೆಗೆಯುವ ಗಂಗೋತ್ರಿ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಲ್ಲಿಯಲ್ಲಿ ನೀರು ಬರುವ ದಿನ. ಓಣಿಯ ತುಂಬ ಕೊಡಗಳ ಸದ್ದು. ಗಂಗೋತ್ರಿಯ ಮನೆಯ ಪಡಸಾಲೆಯಲ್ಲಿ ಮಾತ್ರ ಎಲ್ಲರ ಕಣ್ಣೂ ಒಂದೇ ಕಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಗಂಗೋತ್ರಿಯ ಎದುರಿಗೆ, ಅಕ್ಕಿಡಬ್ಬಿಯ ಮೇಲೆ ಲ್ಯಾಪ್‌ಟಾಪ್. ಗೋಡೆಗೆ ಒರಗಿ ಕೂತವರು ದರೋಜಿಯಲ್ಲಿ ಕೌದಿ ಹೊಲಿಯುವ ಭರಮಮ್ಮ ಮತ್ತು ಜಂಬವ್ವ. ನಿನ್ನೆ ಸಂಜೆಯ ಬಸ್ಸಿಗೇ ಬಂದು ಇಲ್ಲೇ ಉಳಿದಿದ್ದಾರೆ. ಅವರ ಪಕ್ಕದಲ್ಲಿ, ಹಳೆಯ ಬಟ್ಟೆ ಜೋಡಿಸಿ ಹೊಲಿದ ಆ ಹೊದಿಕೆಗಳ ದೊಡ್ಡ ಗಂಟು.

“ಒಂದ್ ಸ್ವಲ್ಪ ಸುಮ್ನಿರ್ರಿ. ಹಳೇ ಅಂಗಡಿ ಮುಚ್ಚಾಕತ್ತೀನಿ” ಎನ್ನುತ್ತಾಳೆ ಗಂಗೋತ್ರಿ.

“ಮುಚ್ಚಾದು ಯಾಕವಾ? ತೆರೀತೀನಂದಿದ್ದಿ!” ಜಂಬವ್ವನಿಗೆ ಗಾಬರಿ.

“ಅದನ್ನ ಮುಚ್ಚಿದ ಮ್ಯಾಲ ಇದನ್ನ ತೆರೀಬೇಕು ದೊಡ್ಡವ್ವ. ಎರಡೂ ಒಮ್ಮೆಗೇ ತೆರದಿದ್ರ ಏನಾಗತೈತಿ ಅಂತ ನಿನಗ ಗೊತ್ತೈತಲ್ಲ.”

ಜಂಬವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾಳೆ. ಅವಳಿಗೆ ಚೆನ್ನಾಗಿಯೇ ಗೊತ್ತಿದೆ.

ಗಂಗೋತ್ರಿ ಇಂಟರ್ನೆಟ್ಟಿನಲ್ಲಿ ಅಂಗಡಿ ಕಟ್ಟಿಕೊಡುವವಳು. ಸಂಡೂರಿನ ಬೆಟ್ಟದ ಜೇನು, ಕಂಪ್ಲಿಯ ಸೋನಾ ಮಸೂರಿ, ಹೊಸಪೇಟೆಯ ಹಪ್ಪಳ, ಹೀಗೆ ಈ ಭಾಗದ ಹಲವು ಮನೆಗಳ ಸರಕು ಇವಳ ಕೈಯಿಂದ ದೂರದೂರಿನವರ ಫೋನಿನೊಳಗೆ ಹೋಗಿ ಕೂತಿದೆ. ಆ ಅಂಗಡಿಗಳಲ್ಲಿ ಎಲ್ಲೂ ಇವಳ ಹೆಸರಿಲ್ಲ. ಹೊರಗೆ ಬೋರ್ಡೂ ಇಲ್ಲ. “ಕಂಪ್ಯೂಟರ್ ಗಂಗಮ್ಮನ ಮನಿ” ಎಂದರೆ ಓಣಿಯವರು ದಾರಿ ತೋರಿಸುತ್ತಾರೆ.

ಅಂಗಡಿ ಕಟ್ಟುವುದು ಹೇಗೆ ಎಂದು ನಾವು ಕೇಳಿದರೆ ಅವಳು ಮೊದಲು ಹೇಳುವುದು ಬಯಲಾಟದ ಮಾತು. “ತಾಲೀಮು ಮನಿಯಾಗ ಮಾತು ಮರೀಬೋದು, ಹೆಜ್ಜಿ ತಪ್ಪಬೋದು, ಯಾರೂ ನೋಡಾಂಗಿಲ್ಲ. ನಾವೂ ಹಂಗ ಮೊದ್ಲು ತಾಲೀಮಿನ ಅಂಗಡಿ ಮಾಡ್ತೀವ್ರಿ. ಸ್ಟೇಜಿಂಗ್ ಅಂತಾರ ಅದಕ್ಕ. ಅಲ್ಲಿ ಬೇಕಾದಂಗ ಕೆಡಿಸಿ ಕಟ್ಟಬೋದು. ಆಮ್ಯಾಲ ಒಂದು ದಿನ ಅದನ್ನ ಎತ್ತಿ ಆಟದ ಅಟ್ಟದ ಮ್ಯಾಲ, ಮಂದಿ ಮುಂದ ಇಡಬೇಕು. ಅದು ಲೈವ್. ಅವತ್ತು ನನಗ ಊಟ ಸೇರಾಂಗಿಲ್ಲ ನೋಡ್ರಿ!”

ಇವತ್ತು ಆ ದಿನ. ಹಂಪಿಯಲ್ಲಿ ಬೆಳಿಗ್ಗೆಯಿಂದ ಕುಶಲಕರ್ಮಿಗಳ ಮಾರಾಟ ಮೇಳ. ದರೋಜಿಯ ಹೆಂಗಸರಿಗೆ ಅಲ್ಲಿ ಮೊದಲ ಸಲ ಮಳಿಗೆ ಸಿಕ್ಕಿದೆ. ಪ್ರತಿ ಕೌದಿಯ ಮೂಲೆಗೂ ಬಟ್ಟೆಯ ಚೀಟಿ ಹೊಲಿದು, ಅದರ ಮೇಲೆ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದ್ದಾರೆ. ಫೋನು ಹಿಡಿದರೆ ಹೊಸ ಅಂಗಡಿ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಅಷ್ಟೂ ಚೀಟಿ ದಂಡ, ಮಳಿಗೆಗೆ ಬಂದವರ ಮುಂದೆ ಮುಖಭಂಗ.

ಗಂಗೋತ್ರಿ ಈ ಕೆಲಸಕ್ಕೆ ಬಂದದ್ದು ನೆಟ್ಟಗಿನ ದಾರಿಯಲ್ಲಲ್ಲ. ತಂದೆ ಮೂಕಪ್ಪ ಕಾಲುವೆ ಕೆಲಸದ ಕೂಲಿ. ಪಿಯುಸಿ ಮುಗಿಸಿದ ಮಗಳು ಸಂಡೂರು ಹತ್ತಿರ ಅದಿರು ಲಾರಿಗಳ ತೂಕದ ಕಟ್ಟೆಯಲ್ಲಿ ಕಂಪ್ಯೂಟರ್ ಮುಂದೆ ಕೂತಳು. ಲಾರಿ ನಂಬರ್ ಒತ್ತುವುದು, ಚೀಟಿ ಹರಿದುಕೊಡುವುದು. ಹಚ್ಚಿದ ಪೌಡರಿಗಿಂತ ಮುಖದ ಮೇಲೆ ಕೆಂಪು ಧೂಳೇ ಹೆಚ್ಚಿರುತ್ತಿತ್ತು ಎಂದು ನಗುತ್ತಾಳೆ. ಗಣಿಗಳು ನಿಂತಾಗ ತೂಕದ ಕಟ್ಟೆಯೂ ನಿಂತಿತು. ಆಗ ಬಸ್ ಸ್ಟ್ಯಾಂಡ್ ಹತ್ತಿರ ಮನೋಹರ್ ಎಂಬವರ ಜೆರಾಕ್ಸ್ ಅಂಗಡಿ ಸೇರಿದಳು. ಆ ಹೊತ್ತಿಗೆ ಮದುವೆಯಾಗಿತ್ತು, ತನ್ನ ಪುಟ್ಟ ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಕೆಲಸ. ಒಂದು ದಿನ ಕಂಪ್ಲಿಯ ಅಕ್ಕಿ ಗಿರಣಿಯ ಶಂಭುಲಿಂಗ ಅಲ್ಲಿಗೆ ಬಂದು, “ನಮ್ಮ ಅಕ್ಕಿ ಇಂಟರ್ನೆಟ್ಟಿನ್ಯಾಗ ಬರಬೇಕು, ಯಾರರ ಅದಾರೇನ್ರಿ?” ಎಂದು ಕೇಳಿದರು. ಮನೋಹರ್ ಬಾಯಿ ತೆಗೆಯುವ ಮುಂಚೆಯೇ ಮೂಲೆಯಿಂದ ಗಂಗೋತ್ರಿ ಹೇಳಿಬಿಟ್ಟಳು, “ನಾ ಮಾಡ್ತೀನ್ರಿ.”

“ಒಂದಕ್ಷರ ಬರ್ತಿದ್ದಿಲ್ರಿ ನನಗ! ಯಾಕ ಹಂಗಂದೆನೋ! ಮನಿಗೆ ಬಂದು ವಿಡಿಯೋ ನೋಡ್ಕೋತ ಕುಂತೆ. ಇಂಗ್ಲಿಷ್ ತಿಳೀಲಿಲ್ಲ ಅಂದ್ರ ತೆಲುಗಿನ್ಯಾಗ ನೋಡ್ದೆ, ಹಿಂದ್ಯಾಗ ನೋಡ್ದೆ. ಮೊದ್ಲು ಮಾಡಿದ್ದು ಭಾಳ ಹೊಲಸಿತ್ತು. ಆದ್ರ ಅಕ್ಕಿ ಹೋತು!”

ಮಾತು ನಿಲ್ಲಿಸಿ ಅವಳು ತೆರೆಯತ್ತ ಬಗ್ಗುತ್ತಾಳೆ. ಹಳೆಯ ಅಂಗಡಿಯ ಬಾಗಿಲಿಗೆ ‘ಸ್ವಲ್ಪ ಹೊತ್ತು ಮುಚ್ಚಿದೆ, ಮತ್ತೆ ಬನ್ನಿ’ ಎಂಬ ಫಲಕ ಬಿದ್ದಾಯಿತು. ಕೊನೆಗೆ ಬಂದ ಆರ್ಡರುಗಳನ್ನು ಹೊಸ ಅಂಗಡಿಗೆ ಸಾಗಿಸಿಯೂ ಆಯಿತು. ಇನ್ನು ಹಳೆಯ ಅಂಗಡಿಯ ವಿಳಾಸಕ್ಕೆ ಹೊಸ ಅಂಗಡಿ ಹೋಗಬೇಕು. ಆಗ ಮಾತ್ರ ಚೀಟಿಯ ಮೇಲಿನ ಕೋಡ್ ಕೆಲಸ ಮಾಡುತ್ತದೆ.

ಎರಡೂ ಅಂಗಡಿ ಒಮ್ಮೆಗೇ ತೆರೆದಿದ್ದರೆ ಏನಾಗುತ್ತದೆ ಎಂಬ ಕಥೆ ಕಳೆದ ವರ್ಷದ್ದು. ಆಗಲೂ ಹೀಗೆಯೇ ಕೌದಿ ಅಂಗಡಿಯನ್ನು ಹಳೆಯ ಜಾಗದಿಂದ ಎತ್ತಿ ಹೊಸ ಜಾಗಕ್ಕೆ ತಂದಿದ್ದಳು. ಹಳೆಯದನ್ನು ಮುಚ್ಚಲು ಮರೆತಳು. ಕೌದಿ ಎಂದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಜಂಬವ್ವ ಹೊಲಿದ ಕೆಂಪು ಅಂಚಿನ ನೀಲಿ ಕೌದಿಯೊಂದನ್ನು ಹಳೆಯ ಅಂಗಡಿಯಲ್ಲಿ ದಾವಣಗೆರೆಯವರು ಕೊಂಡರು, ಹೊಸ ಅಂಗಡಿಯಲ್ಲಿ ದೋಣಿಮಲೈಯ ಶಾಲಾ ಶಿಕ್ಷಕಿ ಶೈಲಜಾ ಕೊಂಡರು.

“ಭರಮಕ್ಕಗ ಫೋನ್ ಮಾಡಿ, ಇನ್ನ ನೀವು ಬ್ಯಾರೆಯವ್ರನ್ನ ನೋಡ್ಕೊಳ್ರಿ, ನನ್ನ ಕೈಲೆ ಆಗಂಗಿಲ್ಲ ಅಂತ ಅತ್ತೆ. ಆಕಿ ಏನಂದ್ಲು ಗೊತ್ತೇನ್ರಿ? ಹೊಲಿಗಿ ತಪ್ಪಿತಂತ ನಾವೇನು ಬಟ್ಟಿ ಬಿಸಾಕ್ತೀವೇನು? ಮೊದ್ಲು ಅವರಿಬ್ಬರಿಗೂ ಖರೇ ಹೇಳು ಅಂದ್ಲು.”

ಗಂಗೋತ್ರಿ ಇಬ್ಬರಿಗೂ ತಾನೇ ಫೋನ್ ಮಾಡಿದಳು. ದಾವಣಗೆರೆಯವರಿಗೆ ಕೌದಿ ಬೇಕಾಗಿದ್ದು ಮೊಮ್ಮಗನ ತೊಟ್ಟಿಲ ದಿನಕ್ಕೆ. ಅದು ತಿಳಿದ ಶೈಲಜಾ ಟೀಚರ್, “ಹಾಗಾದರೆ ಕೂಸಿಗೇ ಕೊಡಿ” ಎಂದರು. ಫೋನ್ ಇಡುವ ಮುಂಚೆ, “ನಮ್ಮ ಅಮ್ಮ ಹೋದ ವರ್ಷ ತೀರಿಕೊಂಡರು. ಅವರ ಸೀರೆಗಳನ್ನು ಯಾರಿಗೂ ಕೊಡಲಾಗದೆ ಹಾಗೇ ಇಟ್ಟಿದ್ದೇನೆ. ಅವುಗಳಿಂದ ಒಂದು ಕೌದಿ ಹೊಲಿದುಕೊಡ್ತಾರಾ ನಿಮ್ಮ ಜಂಬವ್ವ?” ಎಂದು ಕೇಳಿದರು.

ಮುಂದಿನ ಭಾನುವಾರ ಟೀಚರೇ ಸೀರೆಗಳ ಚೀಲ ಹಿಡಿದು ದರೋಜಿಗೆ ಬಂದರು. ಜಂಬವ್ವ ಈಗಲೂ ಅದನ್ನು ನೆನೆಯುತ್ತಾಳೆ. “ಮುಟ್ಟಿದ ಕೂಡ್ಲೆ ತಿಳೀತು, ಭಾಳ ಉಟ್ಟಿದ ಸೀರಿ. ಬೆಣ್ಣಿಯಂಗ ಮೆತ್ತಗ ಆಗಿದ್ವು. ಕೌದಿ ಕೈಗೆ ಕೊಟ್ಟಾಗ ಆ ಟೀಚರು ಮುಖಕ್ಕ ಒತ್ಕೊಂಡು ನಿಂತುಬಿಟ್ರು. ನಾ ಒಳಗ ಹೋಗಿ ಚಾ ಇಟ್ಟೆ. ಮತ್ತೇನ್ ಮಾಡ್ಲಿ?”

ಶೈಲಜಾ ಆ ಕೌದಿಯ ಚಿತ್ರವನ್ನು ತಮ್ಮ ಪರಿಚಯದವರಿಗೆ ಕಳಿಸಿದರು. ನಮ್ಮ ಅಜ್ಜಿಯ ಸೀರೆ ಇದೆ, ನಮ್ಮ ಮಾವನ ಧೋತರ ಇದೆ ಎಂದು ಭರಮಮ್ಮನಿಗೆ ಕರೆಗಳು ಶುರುವಾದವು. ಯಾರ ಬಟ್ಟೆ ಯಾವುದು, ಯಾರಿಗೆ ಎಷ್ಟು ಉದ್ದ ಬೇಕು, ಎಲ್ಲ ಫೋನಿನಲ್ಲೇ ಕೇಳಿ ತಲೆ ಕೆಟ್ಟುಹೋಯಿತು. ಆಗಲೇ ಗಂಗೋತ್ರಿ ಹೊಸ ಅಂಗಡಿ ಕಟ್ಟಲು ಕೂತದ್ದು. ಅದರ ಮುಖ್ಯ ಬಾಗಿಲಿನ ಹೆಸರು ‘ನಿಮ್ಮ ಬಟ್ಟೆ, ನಮ್ಮ ಹೊಲಿಗೆ’. ಕೊಳ್ಳುವವರು ತಮ್ಮ ಬಟ್ಟೆಯ ಚಿತ್ರ ಹಾಕಬಹುದು, ಅಂಚು ಆರಿಸಬಹುದು, ಬಟ್ಟೆ ಯಾರದು ಎಂದು ಎರಡು ಮಾತು ಬರೆಯಬಹುದು. ಹೊಲಿಯುವವರು ಅದನ್ನು ಓದಿಸಿಕೊಂಡು ಸೂಜಿ ಹಿಡಿಯುತ್ತಾರೆ. ಭರಮಮ್ಮ, ಜಂಬವ್ವ ವಾರಕ್ಕೊಮ್ಮೆ ಬಂದು ಈ ತಾಲೀಮಿನ ಅಂಗಡಿಯಲ್ಲಿ ಸುಳ್ಳು ಗಿರಾಕಿಗಳಾಗಿ ಓಡಾಡಿದ್ದಾರೆ. ಅಕ್ಷರ ಸಣ್ಣದಾಯಿತು ಎಂದು ಜಗಳ ಆಡಿದ್ದಾರೆ.

“ಆತು!” ಗಂಗೋತ್ರಿ ಚಪ್ಪಾಳೆ ತಟ್ಟುತ್ತಾಳೆ. “ಬಂತು ನೋಡ್ರಿ!”

ತೆರೆಯ ಮೇಲೆ ದರೋಜಿಯ ಕಟ್ಟೆಯ ಬಿಸಿಲಲ್ಲಿ ಹರವಿದ ಕೌದಿಗಳು. ಮೂವರೂ ಒಟ್ಟಿಗೆ ಬಗ್ಗಿ ನೋಡುತ್ತಾರೆ. ಭರಮಮ್ಮ ಚೀಟಿಗೆ ತನ್ನ ಫೋನು ಹಿಡಿಯುತ್ತಾಳೆ. ಅದರಲ್ಲಿ ಮಾತ್ರ ‘ಸ್ವಲ್ಪ ಹೊತ್ತು ಮುಚ್ಚಿದೆ’ ಎಂಬ ಫಲಕ.

“ಲೇ ಗಂಗೀ, ನಂದ್ರಾಗ ಬಾಗ್ಲಾ ಹಾಕೇತಿ!”

“ನಿನ್ನ ಫೋನು ಹಳೇ ಮನಿ ನೆನಪಿಟ್ಕೊಂಡೈತಕ್ಕ. ಹೊಸ ಮನಿ ಅದಕ್ಕ ತಿಳಿಯಾಕ ಸ್ವಲ್ಪ ಹೊತ್ತು ಬೇಕು. ಗಾಬರಿ ಬ್ಯಾಡ.”

ಹಾಗೆಂದರೂ ಗಂಗೋತ್ರಿ ತೆರೆಯಿಂದ ಕಣ್ಣು ತೆಗೆಯುವುದಿಲ್ಲ. ಅಡುಗೆಮನೆಯಿಂದ ಗಂಡ ರಾಮಾಂಜಿನಿ ಒಗ್ಗರಣಿ ಮಂಡಕ್ಕಿಯ ತಟ್ಟೆಗಳನ್ನು ತಂದಿಡುತ್ತಾರೆ. ದೋಣಿಮಲೈಗೆ ಸಿಬ್ಬಂದಿ ಬಸ್ ಓಡಿಸುವ ಅವರಿಗೆ ಇವತ್ತು ರಜೆ. “ನಾ ಬಸ್ಸು ತೆಗಿಯೋ ಮುಂಚೆ ಬ್ರೇಕು, ಲೈಟು ನೋಡ್ತೀನಿ. ಇಕಿನೂ ಹಂಗ. ನೋಡ್ದಿದ್ರ ಬಿಡಾಂಗಿಲ್ಲ” ಎಂದು ಹೆಂಡತಿಯತ್ತ ತಟ್ಟೆ ಸರಿಸುತ್ತಾರೆ. ಅವಳು ಅದನ್ನು ಮುಟ್ಟುವುದಿಲ್ಲ. ತಾನೇ ಗಿರಾಕಿಯಾಗಿ ಒಂದು ಆರ್ಡರ್ ಹಾಕಿ ನೋಡುತ್ತಾಳೆ. ಆರ್ಡರ್ ಹೋಗುತ್ತದೆ. ಆದರೆ ಭರಮಮ್ಮನ ಫೋನಿಗೆ ಬರಬೇಕಾದ ಸಂದೇಶ ಬರುವುದಿಲ್ಲ. ಮತ್ತೊಮ್ಮೆ ಹಾಕುತ್ತಾಳೆ. ಇಲ್ಲ.

ಹೊರಗೆ ಹಂಪಿಗೆ ಕರೆದೊಯ್ಯಲು ಬಂದ ಪಂಪೇಶನ ಆಟೋ ಹಾರ್ನ್ ಹೊಡೆಯುತ್ತಿದೆ. ಗಂಗೋತ್ರಿ ಕಣ್ಣು ಕಿರಿದು ಮಾಡಿ ಒಂದೊಂದೇ ಪುಟ ತಿರುವುತ್ತಾಳೆ. ಇದ್ದಕ್ಕಿದ್ದಂತೆ ಹಣೆಗೆ ಕೈ ಬಡಿದುಕೊಳ್ಳುತ್ತಾಳೆ. “ತಾಲೀಮಿನ್ಯಾಗ ಯಾರಿಗೂ ಸುಳ್ಳು ಸಂದೇಶ ಹೋಗಬಾರ್ದಂತ ನಾನ ಬಂದ್ ಮಾಡಿಟ್ಟಿದ್ದೆ!” ಒಂದು ಗುಂಡಿ ಒತ್ತುತ್ತಾಳೆ. ಮೂರನೆಯ ಆರ್ಡರ್.

ಭರಮಮ್ಮನ ಮಡಿಲಲ್ಲಿದ್ದ ಫೋನು ಗಲಗಲ ಎನ್ನುತ್ತದೆ. ಅವಳು ಹಾವು ಕಂಡವಳಂತೆ ಜಿಗಿದು ನಿಲ್ಲುತ್ತಾಳೆ. ಜಂಬವ್ವನ ನಗು ಓಣಿಗೆಲ್ಲ ಕೇಳುತ್ತದೆ. ಚೀಟಿಗೆ ಮತ್ತೆ ಫೋನು ಹಿಡಿದರೆ, ಈ ಸಲ ಬಿಸಿಲಲ್ಲಿ ಹರವಿದ ಕೌದಿಗಳು. ಗಂಟು ಹೊತ್ತು ಇಬ್ಬರೂ ಆಟೋ ಹತ್ತುತ್ತಾರೆ. ಗಂಗೋತ್ರಿ ಬಾಗಿಲಲ್ಲಿ ನಿಂತು ಕೂಗುತ್ತಾಳೆ, “ಮಸ್ತ್ ಹೋಗಿ ಬರ್ರಿ! ಏನರ ಆದ್ರ ಜಲ್ದಿ ಫೋನ್ ಹಚ್ರಿ!”

ಅವಳು ಮಾತ್ರ ಹೋಗುವುದಿಲ್ಲ. ಅಂಗಡಿ ತೆರೆದ ದಿನ ಅದರ ಮುಂದೆ ಕೂತಿರಬೇಕು ಎಂಬುದು ಅವಳ ನಿಯಮ. ತಣ್ಣಗಾದ ಮಂಡಕ್ಕಿ ತಿನ್ನುತ್ತ, ತೆರೆ ನೋಡುತ್ತ ಕೂರುತ್ತಾಳೆ. ಬಿಸಿಲು ಏರುತ್ತದೆ. ಯಾರೋ ಬಂದು ನೋಡಿ ಹೋಗುತ್ತಿರುವುದು ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಬರುತ್ತಾರೆ, ಹೋಗುತ್ತಾರೆ, ಕೊಳ್ಳುವುದಿಲ್ಲ. “ನೋಡ್ಲಿ ಬಿಡ್ರಿ” ಎನ್ನುತ್ತಾಳೆ, ಉಗುರು ಕಚ್ಚುತ್ತಾಳೆ.

ಆಮೇಲೆ ಬರುತ್ತದೆ. ತೆರೆಯ ಮೇಲೆ ಮೊದಲ ಖರೇ ಆರ್ಡರ್. ಚಿತ್ರದಲ್ಲಿ ಮಡಚಿಟ್ಟ ಖಾಕಿ ಅಂಗಿಗಳ ರಾಶಿ. ಕೆಳಗೆ ಬರೆದದ್ದನ್ನು ಅವಳು ಗಟ್ಟಿಯಾಗಿ ಓದುತ್ತಾಳೆ: ‘ಇವು ನಮ್ಮಪ್ಪ ವಿರೂಪಾಕ್ಷಪ್ಪನವರ ಅಂಗಿಗಳು. ಬಸ್ ಕಂಡಕ್ಟರ್ ಆಗಿದ್ದರು, ಈ ತಿಂಗಳು ನಿವೃತ್ತಿ. ಎಸೆಯಲು ಬಿಡುತ್ತಿಲ್ಲ. ಕೌದಿ ಮಾಡಿಕೊಡಿ, ಹೊದ್ದು ಮಲಗಲಿ. ತುಳಸಿ.’

ಓದಿ ಮುಗಿಸುವಷ್ಟರಲ್ಲಿ ಹಂಪಿಯಿಂದ ಭರಮಮ್ಮನ ಫೋನು. ಸ್ಪೀಕರ್ ಹಾಕುವ ಅಗತ್ಯವೇ ಇಲ್ಲ.

“ಗಂಗೀ! ಬಂತು! ಆ ಹುಡುಗಿ ಇಲ್ಲೇ ನನ್ನ ಎದುರಿಗೇ ನಿಂತಾಳ! ಚೀಟಿಗೆ ಫೋನು ಹಿಡದ್ಲು, ನನ್ನ ಫೋನು ಹೊಡ್ಕೊಂತು!”

ಹಿಂದಿನಿಂದ ಜಂಬವ್ವನ ದನಿ: “ಖಾಕಿ ಕೌದಿ ಅಂತಲೇ! ಹುಟ್ಟಿದಾಗಿಂದ ಹೊಲಿದಿಲ್ಲ. ದಪ್ಪ ಸೂಜಿ ಬೇಕು. ಅಂಚಿಗೆ ಕೆಂಪು ಹಾಕ್ತೀನಿ, ಬಸ್ಸಿನ ಬಣ್ಣ!”

ಗಂಗೋತ್ರಿ ಫೋನಿಟ್ಟು, ಸ್ವಲ್ಪ ಹೊತ್ತು ಎರಡೂ ಅಂಗೈಯಲ್ಲಿ ಮುಖ ಮುಚ್ಚಿ ಕೂರುತ್ತಾಳೆ. ಕೈ ತೆಗೆದಾಗ ನಗುತ್ತಿದ್ದಾಳೆ. ಸಂಜೆಯೊಳಗೆ ಇನ್ನೂ ಕೆಲವು ಆರ್ಡರುಗಳು ಬರುತ್ತವೆ. ಪ್ರತಿ ಸಲವೂ ಅವಳು ಗಂಡನನ್ನು ಕರೆದು ಓದಿ ಹೇಳುತ್ತಾಳೆ.

ಹೊರಡುವ ಮುಂಚೆ, ಮುಂದೇನು ಆಸೆ ಎಂದು ಕೇಳುತ್ತೇವೆ. ದೊಡ್ಡ ಕಚೇರಿ? ಹೊಸ ಲ್ಯಾಪ್‌ಟಾಪ್? ಅವಳು ತಲೆ ಅಲ್ಲಾಡಿಸಿ, ಒಳಗಿನಿಂದ ಒಂದು ಚೀಲ ತಂದು ಬಿಚ್ಚುತ್ತಾಳೆ. ಮಗಳಿಗೆ ಸಣ್ಣದಾದ ಫ್ರಾಕುಗಳು, ಬಣ್ಣ ಹೋದ ಒಂದು ಪುಟ್ಟ ಸ್ವೆಟರ್.

“ಇವುದ್ದೊಂದು ಕೌದಿ ಬೇಕ್ರಿ ನನಗ. ದೊಡ್ಡವ್ವಗ ಹೇಳಿದ್ರ ಪುಕ್ಕಟೆ ಹೊಲ್ಕೊಡ್ತಾಳ, ಆದ್ರ ಹಂಗ ಬ್ಯಾಡ. ಎಲ್ಲರಂಗ ರೊಕ್ಕಾ ತುಂಬಿ ಆರ್ಡರ್ ಹಾಕ್ತೀನಿ. ಪೋಸ್ಟಿನಾಂವ ಓಣ್ಯಾಗ ನಿಂತು ನನ್ನ ಹೆಸರು ಹಿಡಿದು ಕೂಗಬೇಕು. ಇಷ್ಟು ಮಂದಿಗೆ ಅಂಗಡಿ ಮಾಡಿಕೊಟ್ಟೀನಿ, ಒಂದ್ರಾಗರ ನಾನೂ ಗಿರಾಕಿ ಆಗಬೇಕಲ್ರಿ!”