ಪ್ರೇಮಾನಂದ ಮಾಷ್ಟ್ರ ಕೊಬ್ಬಿನ ಗುಳ್ಳೆಗಳು

ಕುಂದಾಪುರದಿಂದ ಬೈಂದೂರಿನವರೆಗೆ ಯಾವ ಬಾವಿಯ ನೀರು ತಂದುಕೊಟ್ಟರೂ ಒಂದೇ ಹನಿ ನಾಲಗೆಗೆ ಮುಟ್ಟಿಸಿ, ಬಾವಿಯ ಯಜಮಾನ ಯಾರು, ಅವನ ಹೆಂಡತಿ ಕೊಡ ತಿಕ್ಕುವುದು ಹುಣಸೆಹಣ್ಣಿನಿಂದಲೋ ಬೂದಿಯಿಂದಲೋ ಎಂದು ಹೇಳಬಲ್ಲೆ ಅನ್ನುವುದು ಪ್ರೇಮಾನಂದ ಮಾಷ್ಟ್ರ ಜಂಬ. ಪರೀಕ್ಷಿಸಿದವರು ಯಾರೂ ಇಲ್ಲ. ಪರರ ಬಾವಿಯ ನೀರನ್ನು ಅವರು ಬಾಯಿಗಿಟ್ಟಿದ್ದರೆ ತಾನೇ.

ಅವರ ಹೇಸಿಗೆ ಅಂಥದ್ದು. ಗಂಗೊಳ್ಳಿಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರೂ ಕುಡಿಯುವ ನೀರು ಕುಂಭಾಶಿಯ ಮನೆಯಿಂದಲೇ ಬರಬೇಕು. ಕಾಲೇಜಿಗೆ ಹೊಳೆ ದಾಟುವ ದೋಣಿಯಲ್ಲಿ ಪಕ್ಕದ ಬುಟ್ಟಿಯ ಮೀನಿನ ನೀರು ಒಂದು ತೊಟ್ಟು ಸಿಡಿದರೆ, ಮನೆಗೆ ಹೋಗಿ ಪ್ಯಾಂಟನ್ನಲ್ಲ, ಕಾಲನ್ನೇ ಹಂಡೆಯಲ್ಲಿ ಕುದಿಸಲು ಹೊರಡುವ ಪೈಕಿ.

ಇಂಥವರ ಕೊರಳಿಗೆ 2003ರ ಮಾರ್ಚಿನಲ್ಲಿ ಕೋಳಿಮೊಟ್ಟೆ ಗಂಟುಬಿತ್ತು. ಮಂಗಳೂರಿನ ಅಂಗಡಿಯವರು ಹೊಸ ಮೈಕ್ರೋಸ್ಕೋಪೊಂದನ್ನು, ನೋಡಿ ಇಷ್ಟವಾದರೆ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ತೀರ್ಮಾನ ಕಾಲೇಜಿನ ಅಧ್ಯಕ್ಷ ಉಮಾನಾಥರದ್ದು. ಅವರಿಗೋ ಅದರ ಬದಲು ಗೇಟಿಗೊಂದು ಕಮಾನು ಕಟ್ಟಿಸುವ ಆಸೆ. ಕಣ್ಣಿಗೆ ಕಾಣುವಂಥದ್ದೇನಾದರೂ ತೋರಿಸಿದರೆ ಮಾತ್ರ ನೋಡುವ ಎಂದರು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದೇ ಸವೆದಿದ್ದ ಮಾಷ್ಟ್ರಿಗೆ ಆ ಯಂತ್ರ ಬೇಕೇ ಬೇಕಿತ್ತು.

ಜೀವಕೋಶದಂತೆ ಉಬ್ಬಿ ಕುಗ್ಗುವ ಗುಳ್ಳೆಗಳನ್ನೇ ಮಾಡಿ ತೋರಿಸುವುದೆಂದು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಸ್ಪಿರಿಟಿನಲ್ಲಿ ಕದಡಿ, ಸೋಸಿ, ಗಾಜಿನ ಮೇಲೆ ಒಣಗಿಸಿದರು. ನಾತಕ್ಕೆ ಬಂದರಿನ ಬೆಕ್ಕುಗಳೆಲ್ಲ ಗಂಟುಮೂಟೆ ಕಟ್ಟಿ ಬ್ರಹ್ಮಾವರ ಸೇರಿದವು. ಮಾಷ್ಟ್ರು ಮೂಗಿಗೆ ಹತ್ತಿ ತುರುಕಿಕೊಂಡು, ಮಧ್ಯೆ ಮಧ್ಯೆ ಕಿಟಕಿಗೆ ಓಡಿ ಓಕರಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕೊನೆಯ ಹನಿಯಲ್ಲಿ ಸಕ್ಕರೆ ಕರಗಿಸಿ ಅದರ ಮೇಲೆ ಬಿಟ್ಟರು. ಹಳದಿಯ ಕೊಬ್ಬು ಗಾಜಿನಿಂದೆದ್ದು, ಸಕ್ಕರೆನೀರು ತುಂಬಿಕೊಂಡ ದುಂಡನೆಯ ಪುಟ್ಟ ಗುಳ್ಳೆಗಳಾಯಿತು.

ಮರುದಿನ ಉಮಾನಾಥರನ್ನು ಕೂರಿಸಿ ವಿವರಿಸಿದರು. ಗುಳ್ಳೆಯ ಪೊರೆ ನೀರನ್ನು ದಾಟಿಸುತ್ತದೆ, ಸಕ್ಕರೆಯನ್ನು ದಾಟಿಸುವುದಿಲ್ಲ. ಸುತ್ತ ಬರಿಯ ನೀರು ಹಾಕಿದರೆ ಅದು ಒಳನುಗ್ಗಿ ಗುಳ್ಳೆ ಬಿಗಿದು ಒಡೆಯುತ್ತದೆ. ಉಪ್ಪುನೀರಾದರೆ ಒಳಗಿನದ್ದೇ ಹೊರಗೋಡಿ ಗುಳ್ಳೆ ಸುಕ್ಕುತ್ತದೆ. ಮೊಟ್ಟೆ ನಾತದ ಗಾಜಿಗೆ ಮನೆಯ ನೀರು ತಾಗಿಸಲು ಮನಸ್ಸು ಬಾರದೆ, ಕಾಲೇಜಿನ ಬಾವಿಯಿಂದ ಒಂದು ಲೋಟ ನೀರು ತರಿಸಿ, ಅದರಿಂದ ಒಂದು ಹನಿ ಬಿಟ್ಟರು. ಉಮಾನಾಥರು ಯಂತ್ರಕ್ಕೆ ಕಣ್ಣಿಟ್ಟರು.

"ಹ್ವಾಯ್ ಮಾಷ್ಟ್ರೆ, ಇದೆಂತ? ಗುಳ್ಳಿ ನಮ್ಮಜ್ಜಿ ಕೆನ್ನಿ ಹಾಂಗೆ ಸುಕ್ಕಿತಲೆ."

ಮಾಷ್ಟ್ರು ಇಣುಕಿದರು. ಹೌದು, ಒಂದೊಂದೂ ಒಣದ್ರಾಕ್ಷಿ. ಕಣ್ಣು ಮುಚ್ಚಿ, ಕಷಾಯ ಕುಡಿಯುವ ಮಗುವಿನ ಮುಖ ಮಾಡಿ, ಜನ್ಮದಲ್ಲಿ ಮೊದಲ ಬಾರಿಗೆ ಆ ಬಾವಿಯ ನೀರನ್ನು ನಾಲಗೆಗೆ ಮುಟ್ಟಿಸಿದರು. ಉಪ್ಪು. ಕಿಟಕಿಗೆ ಓಡಿ ಉಗುಳಿದರು.

ಬೇಸಿಗೆ ಶುರುವಾಯಿತೆಂದರೆ ಆ ಬಾವಿಗೆ, ಕಡಲಿನಿಂದ ಹೊಳೆಗೆ ನುಗ್ಗಿದ ಉಪ್ಪು ಏರುವುದು ಕಾಲೇಜಿನ ಹಲ್ಲಿಗೂ ಗೊತ್ತಿತ್ತು. ಆದರೆ ಬಾವಿ ತೋಡಿಸಿಕೊಟ್ಟವರು ಉಮಾನಾಥರು. ಅವರೆದುರು ಎಲ್ಲರೂ ಅಮೃತ ಅನ್ನುವವರೇ. ಆ ನೀರನ್ನು ಕುಡಿಯದ ಪ್ರೇಮಾನಂದ ಮಾಷ್ಟ್ರೊಬ್ಬರೇ ಆ ಮಾತನ್ನು ನಂಬಿದ್ದರು.

ನೀರು ಉಪ್ಪು ಎಂದದ್ದೇ ತಡ, ಅಧ್ಯಕ್ಷರು ಕೆಂಪಾದರು. "ನೆವ ಹೇಳ್ಬೇಡಿ. ನಮ್ ಬಾವಿ ನೀರ್ ಅಮೃತ. ಕಟ್ಟಿ ಕಳ್ಸಿ ಆ ಮೈಕ್ರೋಸ್ಕೋಪ್."

ಮಾಷ್ಟ್ರು ಬಾಯಿ ಒರೆಸಿಕೊಂಡು ಲೋಟವನ್ನು ಅವರ ಮುಂದೆ ಸರಿಸಿದರು.

"ಕಳ್ಸುವ, ಅಧ್ಯಕ್ಷರೆ. ಗುಳ್ಳಿಗೆ ನಿಮ್ ದಾಕ್ಷಿಣ್ಯ ಇಲ್ಲೆ, ಇದ್ದದ್ ಹೇಳ್ತ್. ನೀವ್ ಈ ಲೋಟ ಪೂರಾ ಕುಡ್ದ್, ಮುಖ ಹುಳಿ ಮಾಡ್ದೆ ಇನ್ನೊಂದ್ಸಲ ಅಮೃತ ಅನ್ನಿ. ಮಂಗ್ಳೂರಿಗೆ ನಾನೇ ತಲಿ ಮೇಲ್ ಹೊತ್ಕಂಡ್ ಹೋತೆ."