ತಿರುಗದ ಹ್ಯಾಂಡಲ್

ದೆವ್ವ, ಮಾಟ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಹದಿನೆಂಟು ವರ್ಷ ಕರೆಂಟಿನ ಕೆಲಸ ಮಾಡಿದ್ದೇನೆ. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಅಂದುಕೊಂಡಿದ್ದವನು. ಈಗ ಬರೆಯುತ್ತಿರುವುದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಆಗ ನಾನು ಶಿವಮೊಗ್ಗದ ಕೋಟೆ ಬಡಾವಣೆಯಿಂದ ದಿನಾ ಬೈಕಿನಲ್ಲಿ ಭದ್ರಾವತಿ ಕಡೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ. ಪ್ಯಾನೆಲ್ ರೂಮಿನಲ್ಲಿ ನಾನು ಮತ್ತು ಸೆಲ್ವರಾಜ್ ಇಬ್ಬರೇ. ಅವರು ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳರು, ನನಗಿಂತ ಹತ್ತು ವರ್ಷ ದೊಡ್ಡವರು. ನನಗೆ ಕೆಲಸ ಕಲಿಸಿದವರೇ ಅವರು. ಸೆಲ್ವಣ್ಣ ಅನ್ನುತ್ತಿದ್ದೆ.

ಅಲ್ಲಿನ ಹನ್ನೊಂದು ಸಾವಿರ ವೋಲ್ಟಿನ ಬ್ರೇಕರುಗಳು, ಅಂದರೆ ಬೀರುವಿನಂಥ ಪ್ಯಾನೆಲಿನೊಳಗಿನ ದೊಡ್ಡ ಸ್ವಿಚ್ಚುಗಳು, ಗಾಲಿಯ ಮೇಲೆ ಕೂತಿರುತ್ತವೆ. ರಿಪೇರಿ ಇದ್ದರೆ ಆಫ್ ಮಾಡಿ, ಹ್ಯಾಂಡಲ್ ಹಾಕಿ ತಿರುಗಿಸಿ ಹೊರಗೆ ತರಬೇಕು. ಆನ್ ಇದ್ದಾಗಲೇ ತಂದರೆ ಬೆಂಕಿ ಮುಖಕ್ಕೇ ನುಗ್ಗುತ್ತದೆ. ಹಾಗಾಗಬಾರದೆಂದು ಒಳಗೆ ಒಂದು ಇಂಟರ್‌ಲಾಕ್ ಇರುತ್ತದೆ. ಬ್ರೇಕರ್ ಆನ್ ಇರುವವರೆಗೂ ಹ್ಯಾಂಡಲ್ ತಿರುಗಲು ಬಿಡದ ಕಬ್ಬಿಣದ ತುಂಡು. ಮೂರನೇ ಪ್ಯಾನೆಲಿನದು ತುಕ್ಕು ಹಿಡಿದು, ಆಫ್ ಮಾಡಿದರೂ ಬಿಡುತ್ತಿರಲಿಲ್ಲ. ಹೊಸದು ತರಿಸಿ ಎಂದೆವು.

"ಅದು ಬರಕ್ಕೆ ತಿಂಗಳಾಗುತ್ತೆ. ಅಲ್ಲೀತನಕ ಪ್ರೊಡಕ್ಷನ್ ನಿಲ್ಸಕ್ಕಾಗುತ್ತೇನ್ರೀ? ಕಿತ್ತು ಬಿಸಾಕಿ," ಅಂದರು ಮ್ಯಾನೇಜರು.

ಕಿತ್ತವನು ನಾನೇ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಅದೇ ಬ್ರೇಕರನ್ನು ಹೊರಗೆ ತೆಗೆಯಲು ಹೋದೆ. ಆಫ್ ಬಟನ್ ಒತ್ತಿದೆ, ಆಫ್ ಆಯಿತೆಂದು ತೋರಿಸುವ ಹಸಿರು ದೀಪ ಹತ್ತಿತು. ಹ್ಯಾಂಡಲ್ ಹಾಕಿದೆ. ತಿರುಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಬಿಟ್ಟರೂ ಅಲ್ಲಾಡಲಿಲ್ಲ. ತುಕ್ಕು ಹಿಡಿದದ್ದು ಹೇಗೆ ತಡೆಯುತ್ತದೆ ಅಂತ ನನ್ನ ಕೈಗೆ ಗೊತ್ತು. ಇದು ಬೇರೆ. ನಾನು ಜೋರು ಮಾಡಿದಷ್ಟೂ ಆಚೆ ಕಡೆಯಿಂದ ಯಾರೋ ಬಿಗಿಯಾಗಿ ಹಿಡಿಯುತ್ತಿದ್ದರು.

ಅಷ್ಟರಲ್ಲಿ ಸೆಲ್ವಣ್ಣ ಕೂಗಿದರು: "ಕೈ ತೆಗಿ ಮಾರಾಯ! ಮೀಟರ್ ನೋಡು!"

ಮೀಟರಿನ ಮುಳ್ಳು ಇಳಿದೇ ಇರಲಿಲ್ಲ. ಕರೆಂಟು ಹರಿಯುತ್ತಲೇ ಇತ್ತು. ದೀಪ ಸುಳ್ಳು ಹೇಳಿತ್ತು, ಬ್ರೇಕರ್ ಆನ್ ಇತ್ತು.

ಮೇಲಿನಿಂದಲೇ ಲೈನ್ ಬಂದ್ ಮಾಡಿಸಿ ಒಳಗೆ ನೋಡಿದೆವು. ಇಂಟರ್‌ಲಾಕ್ ಇರಬೇಕಾದ ಜಾಗ ಖಾಲಿ. ಹ್ಯಾಂಡಲನ್ನು ಸೆಲ್ವಣ್ಣ ಒಂದೇ ಬೆರಳಲ್ಲಿ ತಿರುಗಿಸಿದರು, ಬೆಣ್ಣೆಯ ಹಾಗೆ ತಿರುಗಿತು.

ಇಂಟರ್‌ಲಾಕ್ ಬೇಕೇ ಬೇಕು ಎಂದು ಅವತ್ತೇ ಹೋಗಿ ಕೇಳಿದೆ. "ಏನೂ ಆಗ್ಲಿಲ್ವಲ್ಲ," ಅಂದರು ಮ್ಯಾನೇಜರು. ಬ್ರೇಕರಿಗೂ ದೀಪಕ್ಕೂ ನಡುವಿನ ಸಡಿಲ ಲಿಂಕನ್ನಷ್ಟೇ ಬಿಗಿ ಮಾಡಿಸಿ ಲೈನ್ ಚಾಲೂ ಮಾಡಿಸಿದರು.

ಮುಂದಿನ ವಾರ ನನಗೆ ರಜೆ. ಅದೇ ಪ್ಯಾನೆಲ್, ಅದೇ ಹಸಿರು ದೀಪ, ಅದೇ ಸುಳ್ಳು. ನನಗೆ ಮೀಟರ್ ನೋಡಲು ಹೇಳಿದ ಸೆಲ್ವಣ್ಣ ಅವತ್ತು ಯಾಕೆ ನೋಡಲಿಲ್ಲವೋ. ಅವರ ಕೈಗೆ ಹ್ಯಾಂಡಲ್ ತಿರುಗಿತು, ಬೆಂಕಿ ನುಗ್ಗಿತು. ಜೀವ ಉಳಿಯಿತು. ಎರಡೂ ಕೈಯ ಬೆರಳುಗಳೂ ಒಂದು ಕಣ್ಣೂ ಹೋದವು.

ಬರಲು ತಿಂಗಳು ಬೇಕೆಂದ ಇಂಟರ್‌ಲಾಕ್ ಎರಡೇ ದಿನದಲ್ಲಿ ಬಂತು. ತನಿಖೆಯವರು ಬರುವುದರೊಳಗೆ ಅದನ್ನು ಕೂರಿಸಿದವನೂ ನಾನೇ. ಅವತ್ತು ಅವಸರಕ್ಕೆ ಸೆಲ್ವರಾಜೇ ಅದನ್ನು ಕಿತ್ತಿದ್ದರು, ಆಮೇಲೆ ಮತ್ತೆ ಕೂರಿಸಿದ್ದೇವೆ ಅಂತ ಒಂದು ಹೇಳಿಕೆಯನ್ನು ಮ್ಯಾನೇಜರು ಟೈಪ್ ಮಾಡಿಸಿ ಮುಂದಿಟ್ಟರು. ಸಹಿ ಹಾಕಿದೆ. ನನಗೂ ಹೆಂಡತಿ ಮಕ್ಕಳಿದ್ದರು ಅನ್ನುವುದು ನಾನು ಹೇಳಿಕೊಳ್ಳುವ ನೆಪ. ಸೆಲ್ವಣ್ಣನಿಗೂ ಇದ್ದರು.

ಆ ಕೆಲಸ ಬಿಟ್ಟು ವರ್ಷಗಳಾದವು. ಅವತ್ತು ನನ್ನ ಹ್ಯಾಂಡಲನ್ನು ಹಿಡಿದದ್ದು ಏನು ಅಂತ ತಿಳಿದವರನ್ನೆಲ್ಲ ಕೇಳಿದ್ದೇನೆ. ಎಲ್ಲೋ ಸಿಕ್ಕಿಕೊಂಡಿರಬೇಕು ಅನ್ನುತ್ತಾರೆ. ಎಲ್ಲಿ ಅಂದರೆ ಬೇರೆ ಮಾತು ತೆಗೆಯುತ್ತಾರೆ.

ಒಂದು ಭಾನುವಾರ ಧೈರ್ಯ ಮಾಡಿ ಸೆಲ್ವಣ್ಣನ ಮನೆಗೆ ಹೋಗಿದ್ದೆ. ಅವರ ಹೆಂಡತಿ ಲೋಟ ಹಿಡಿದು ಅವರಿಗೆ ಕಾಫಿ ಕುಡಿಸುತ್ತಿದ್ದರು. ಸಹಿಯ ಬಗ್ಗೆ ಸೆಲ್ವಣ್ಣ ಒಂದು ಮಾತೂ ಎತ್ತಲಿಲ್ಲ. ಕಾಫಿ ಮುಗಿದ ಮೇಲೆ ಕೇಳಿದರು:

"ಕಿತ್ತಿದ್ದು ನೀನು. ನಿನಗೆ ಹ್ಯಾಂಡಲ್ ನಿಂತಿತಲ್ಲ ಮಾರಾಯ, ನನಗ್ಯಾಕೆ ನಿಲ್ಲಲಿಲ್ಲ?"

ಎದ್ದು ಬಂದೆ. ಆಮೇಲೆ ಆ ಮನೆಗೆ ಹೋಗಿಲ್ಲ.